ಕಣ್ಣು ಮುಚ್ಚಿ ಕಲ್ಪಿಸಿಕೊಂಡರೆ ಆಟ ಬರುತ್ತದೆಯೇ? ಬ್ಯಾಸ್ಕೆಟ್‌ಬಾಲ್ ಫಾರ್ವರ್ಡ್ ಹೇಳದೆ ಬಿಟ್ಟ ಅರ್ಧ ಕಥೆ

ಈ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಯಿತಂತೆ. ಮೊದಲ ಗುಂಪಿನವರು 30 ದಿನ ಬ್ಯಾಸ್ಕೆಟ್‌ಬಾಲ್ ಫ್ರೀ ಥ್ರೋ ಅಭ್ಯಾಸ ಮಾಡಿದರಂತೆ. ಎರಡನೇ ಗುಂಪಿನವರು ಚೆಂಡನ್ನು ಮುಟ್ಟದೆ, ಅದು ಬುಟ್ಟಿಗೆ ಬೀಳುವುದನ್ನು ಕಣ್ಣು ಮುಚ್ಚಿ ಕಲ್ಪಿಸಿಕೊಂಡರಂತೆ. ಮೂರನೇ ಗುಂಪು ಏನೂ ಮಾಡಲಿಲ್ಲ. ತಿಂಗಳ ಕೊನೆಗೆ ನೋಡಿದರೆ ಅಭ್ಯಾಸ ಮಾಡಿದವರ ಆಟ ಶೇ 24ರಷ್ಟು, ಬರೀ ಕಲ್ಪಿಸಿಕೊಂಡವರ ಆಟ ಶೇ 23ರಷ್ಟು ಸುಧಾರಿಸಿತ್ತಂತೆ. ‘ಮನಸ್ಸಿನಲ್ಲಿ ಗೆದ್ದವನು ಮೈದಾನದಲ್ಲೂ ಗೆಲ್ಲುತ್ತಾನೆ’ ಎಂಬ ನೀತಿಪಾಠದೊಂದಿಗೆ ಸಂದೇಶ ಮುಗಿಯುತ್ತದೆ.

ಓದಲು ಚೆನ್ನಾಗಿದೆ. ಆದರೆ ಇದನ್ನು ನಂಬಿದರೆ ಪೆಟ್ಟು ಬೀಳುವುದು ಮಕ್ಕಳಿಗೆ. ‘ಮೈಂಡ್ ಪವರ್’ ಶಿಬಿರ ನಡೆಸುವವರು ಇಂಥ ಕಥೆ ತೋರಿಸಿ ತಂದೆ–ತಾಯಿಯಿಂದ ಹಣ ಪಡೆಯಬಹುದು. ಮಗು ಪಂದ್ಯ ಸೋತಾಗ ‘ನೀನು ಮನಸ್ಸಿಟ್ಟು ಕಲ್ಪಿಸಿಕೊಳ್ಳಲಿಲ್ಲ’ ಎಂದು ತಪ್ಪನ್ನು ಅದರ ತಲೆಗೇ ಕಟ್ಟಬಹುದು. ಹಾಗಾದರೆ ಇದರಲ್ಲಿ ನಿಜವೆಷ್ಟು?

ಪ್ರಯೋಗ ನಡೆದದ್ದು ನಿಜವೇ?

ಫಾರ್ವರ್ಡ್‌ನಲ್ಲಿ ಪ್ರಯೋಗ ಯಾವ ವರ್ಷ ನಡೆಯಿತು, ಎಷ್ಟು ಜನ ಭಾಗವಹಿಸಿದ್ದರು, ಎಲ್ಲಿ ಪ್ರಕಟವಾಯಿತು ಎಂಬ ವಿವರಗಳು ಇರುವುದಿಲ್ಲ. ಹಾಗೆಂದು ವಿಷಯ ಪೂರ್ತಿ ಬುಡವಿಲ್ಲದ್ದೇನೂ ಅಲ್ಲ. 1960ರಲ್ಲಿ ಕ್ಲಾರ್ಕ್ ಎಂಬ ಅಮೆರಿಕದ ಸಂಶೋಧಕರು ಇಂಥದ್ದೇ ಅಧ್ಯಯನ ಪ್ರಕಟಿಸಿದ್ದರು. 144 ಹೈಸ್ಕೂಲ್ ಹುಡುಗರಲ್ಲಿ ಅರ್ಧ ಜನ ನಿಜವಾಗಿ ಚೆಂಡು ಎಸೆದು ಅಭ್ಯಾಸ ಮಾಡಿದರು, ಉಳಿದವರು ಎಸೆತವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡರು. ಎರಡೂ ಕಡೆಯವರ ಆಟ ಸುಧಾರಿಸಿತು.

ಆದರೆ ಆ ಹುಡುಗರೆಲ್ಲ ಒಂದೇ ಮಟ್ಟದವರಾಗಿರಲಿಲ್ಲ. ಕೆಲವರು ಶಾಲಾ ತಂಡದ ಆಟಗಾರರು, ಕೆಲವರು ಹೊಸಬರು. ಆಟ ಬಲ್ಲವರಲ್ಲಿ ಕಲ್ಪನೆ ಹೆಚ್ಚುಕಡಿಮೆ ಅಭ್ಯಾಸದಷ್ಟೇ ಫಲ ಕೊಟ್ಟಿತು. ಹೊಸಬರಲ್ಲಿ ಚೆಂಡು ಹಿಡಿದು ಎಸೆದವರೇ ಮುಂದೆ ಹೋದರು. ಫಾರ್ವರ್ಡ್‌ನಲ್ಲಿ ಕಾಣೆಯಾಗಿರುವುದು ಇದೇ ಮುಖ್ಯವಾದ ಮಾತು.

ಹೊಸಬರಿಗೆ ಯಾಕೆ ಅಷ್ಟು ಕೆಲಸ ಮಾಡುವುದಿಲ್ಲ?

ಒಂದು ಚಲನೆಯನ್ನು ಕಲ್ಪಿಸಿಕೊಳ್ಳುವಾಗ, ಆ ಚಲನೆಯನ್ನು ಯೋಜಿಸುವ ಮಿದುಳಿನ ಹಲವು ಭಾಗಗಳು ನಿಜವಾಗಿ ಮಾಡುವಾಗಿನಂತೆಯೇ ಚುರುಕಾಗುತ್ತವೆ. ಕಲ್ಪನೆಯಿಂದ ಲಾಭ ಸಿಗುವುದು ಹೀಗೆ. ಆದರೆ ಕಲ್ಪಿಸಿಕೊಳ್ಳಲು ಮೊದಲೇ ಒಂದು ನೆನಪು ಬೇಕು. ಒಮ್ಮೆಯೂ ಸೈಕಲ್ ಹತ್ತದವರು ತಿರುವಿನಲ್ಲಿ ಮೈ ಎಷ್ಟು ವಾಲಿಸಬೇಕೆಂದು ಕಲ್ಪಿಸಿಕೊಳ್ಳುವುದು ಹೇಗೆ?

ಇನ್ನೊಂದು ಕಾರಣ ತಪ್ಪುಗಳು. ಬ್ಯಾಡ್ಮಿಂಟನ್ ಸರ್ವ್ ನೆಟ್‌ಗೆ ಬಡಿದಾಗ ‘ಅಂದುಕೊಂಡದ್ದು ಒಂದು, ಆದದ್ದು ಇನ್ನೊಂದು’ ಎಂಬ ಮಾಹಿತಿ ಮಿದುಳಿಗೆ ಸಿಗುತ್ತದೆ. ಆ ವ್ಯತ್ಯಾಸ ನೋಡಿಕೊಂಡು ಮಿದುಳು ಮುಂದಿನ ಹೊಡೆತವನ್ನು ಸ್ವಲ್ಪ ತಿದ್ದುತ್ತದೆ. ಕೌಶಲ ಬೆಳೆಯುವುದು ಹೀಗೆ ತಿದ್ದುತ್ತಾ ತಿದ್ದುತ್ತಾ. ಕಲ್ಪನೆಯಲ್ಲಿ ನೆಟ್ ಅಡ್ಡ ಬರುವುದಿಲ್ಲ, ಗಾಳಿ ಬೀಸುವುದಿಲ್ಲ, ಚೆಂಡು ಪ್ರತಿ ಸಲವೂ ಬುಟ್ಟಿಗೇ ಬೀಳುತ್ತದೆ. ಅಲ್ಲಿ ತಿದ್ದಿಕೊಳ್ಳಲು ಏನೂ ಸಿಗುವುದಿಲ್ಲ.

1994ರಲ್ಲಿ ಡ್ರಿಸ್ಕೆಲ್ ಮತ್ತು ಸಂಗಡಿಗರು ಆವರೆಗಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಮಾನಸಿಕ ಅಭ್ಯಾಸದಿಂದ ಪ್ರಯೋಜನ ಇದೆ, ಆದರೆ ನಿಜವಾದ ಅಭ್ಯಾಸಕ್ಕಿಂತ ಕಡಿಮೆ ಎಂದು ಅವರು ಕಂಡುಕೊಂಡರು. ದಿನ ಕಳೆದಂತೆ ಅದರ ಪರಿಣಾಮ ಕರಗುತ್ತದೆ. ತುಂಬಾ ಹೊತ್ತು ಕುಳಿತು ಮಾಡಿದರೆ ಲಾಭ ಹೆಚ್ಚುವುದೂ ಇಲ್ಲ. ಸುಮಾರು 20 ನಿಮಿಷ ಸಾಕು ಎಂಬುದು ಅವರ ಲೆಕ್ಕ.

ಯೋಚಿಸಿದರೇ ಮಾಂಸಖಂಡ ಬೆಳೆಯುತ್ತದಂತೆ!

ಇದೂ ಆಗಾಗ ಓಡಾಡುವ ಮಾತು. ಇದರ ಹಿಂದೆಯೂ ಒಂದು ನಿಜವಾದ ಅಧ್ಯಯನವಿದೆ. 2004ರಲ್ಲಿ ಪ್ರಕಟವಾದ ಅಮೆರಿಕದ ಈ ಪ್ರಯೋಗದಲ್ಲಿ, ಕಿರುಬೆರಳನ್ನು ಬಲವಾಗಿ ಒತ್ತುವುದನ್ನು 12 ವಾರ ಬರೀ ಕಲ್ಪಿಸಿಕೊಂಡವರ ಬೆರಳಿನ ಬಲ ಶೇ 35ರಷ್ಟು ಹೆಚ್ಚಿತು. ನಿಜವಾಗಿ ವ್ಯಾಯಾಮ ಮಾಡಿದವರಲ್ಲಿ ಅದು ಶೇ 53ರಷ್ಟು ಹೆಚ್ಚಿತ್ತು. ಭಾಗವಹಿಸಿದವರ ಸಂಖ್ಯೆ ಬಹಳ ಚಿಕ್ಕದು. ಬಲ ಹೆಚ್ಚಿದ್ದಕ್ಕೆ ಸಂಶೋಧಕರು ಕೊಟ್ಟ ಕಾರಣ ಮಾಂಸಖಂಡ ದಪ್ಪವಾದದ್ದಲ್ಲ, ಮಿದುಳಿನಿಂದ ಮಾಂಸಖಂಡಕ್ಕೆ ಹೋಗುವ ಸಂಕೇತ ಬಲವಾದದ್ದು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿರುವ ಆಟಗಾರರಿಗೆ ಇದು ಆಸಕ್ತಿಯ ವಿಷಯವೇ. ಆದರೆ ಜಿಮ್‌ಗೆ ಹೋಗದೆ ಮಂಚದ ಮೇಲೆ ಮಲಗಿ ಮೈ ಹುರಿಗೊಳಿಸಬಹುದು ಎಂದು ಇದರ ಅರ್ಥವಲ್ಲ.

ಚಾಂಪಿಯನ್‌ಗಳು ಕಲ್ಪಿಸಿಕೊಳ್ಳುತ್ತಾರಲ್ಲ?

ಹೌದು. ಈಜುಗಾರ ಮೈಕೆಲ್ ಫೆಲ್ಪ್ಸ್ ಅವರ ಉದಾಹರಣೆಯನ್ನೇ ನೋಡಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಅವರ ಈಜುಕನ್ನಡಕದೊಳಗೆ ನೀರು ತುಂಬಿಕೊಂಡಿತು. ಕೊನೆಯ ಹಂತದಲ್ಲಿ ಎದುರಿನ ಗೋಡೆಯೂ ಕಾಣುತ್ತಿರಲಿಲ್ಲ. ಗಾಬರಿಯಾಗದೆ ಕೈ ಬೀಸುಗಳನ್ನು ಎಣಿಸುತ್ತಾ ಈಜಿದ ಅವರು 1 ನಿಮಿಷ 52.03 ಸೆಕೆಂಡ್‌ಗಳಲ್ಲಿ ಗುರಿ ಮುಟ್ಟಿ, ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು.

ಕೋಚ್ ಬಾಬ್ ಬೋಮನ್ ಅವರಿಗೆ ಇಡೀ ಸ್ಪರ್ಧೆಯನ್ನು ಮನಸ್ಸಿನಲ್ಲಿ ವಿಡಿಯೊದಂತೆ ಓಡಿಸಿ ನೋಡುವ ಅಭ್ಯಾಸ ಮಾಡಿಸಿದ್ದರು. ಆದರೆ ಆ ವಿಡಿಯೊದಲ್ಲಿ ಗೆಲುವಷ್ಟೇ ಇರಲಿಲ್ಲ, ಏನಾದರೂ ಕೆಟ್ಟರೆ ಏನು ಮಾಡಬೇಕು ಎಂಬುದೂ ಇತ್ತು. ಅಷ್ಟೇ ಅಲ್ಲ, ಒಮ್ಮೆ ಬೇಕೆಂದೇ ಫೆಲ್ಪ್ಸ್ ಅವರ ಕನ್ನಡಕವನ್ನು ಹಾಳುಮಾಡಿ ಈಜಲು ಬಿಟ್ಟದ್ದಾಗಿ ಬೋಮನ್ ಹೇಳಿಕೊಂಡಿದ್ದಾರೆ. ಎಷ್ಟು ಬೀಸಿಗೆ ಗೋಡೆ ಸಿಗುತ್ತದೆ ಎಂದು ಫೆಲ್ಪ್ಸ್‌ಗೆ ತಿಳಿದದ್ದು ಕಣ್ಣು ಮುಚ್ಚಿ ಕುಳಿತದ್ದರಿಂದಲ್ಲ, ವರ್ಷಗಟ್ಟಲೆ ಕೊಳದಲ್ಲಿ ಈಜಿದ್ದರಿಂದ. ಕಲ್ಪನೆ ಆ ಅಭ್ಯಾಸದ ಜೊತೆಗಿತ್ತು, ಅದರ ಜಾಗದಲ್ಲಿರಲಿಲ್ಲ.

ಕಪ್ ಎತ್ತುವುದನ್ನು ಕಲ್ಪಿಸಿಕೊಂಡರೆ?

ಈ ಪ್ರಶ್ನೆಗೆ ಆಟದ ಮೈದಾನದಿಂದಲ್ಲ, ಪರೀಕ್ಷೆಯಿಂದ ಒಂದು ಸುಳಿವು ಸಿಗುತ್ತದೆ. 1999ರಲ್ಲಿ ಫಾಮ್ ಮತ್ತು ಟೇಲರ್ ಎಂಬ ಮನೋವಿಜ್ಞಾನಿಗಳು ಕೆಲವು ಕಾಲೇಜು ವಿದ್ಯಾರ್ಥಿಗಳಿಗೆ ಒಳ್ಳೆಯ ಅಂಕ ಬಂದಂತೆ ಕಲ್ಪಿಸಿಕೊಳ್ಳಲು ಹೇಳಿದರು. ಇನ್ನು ಕೆಲವರಿಗೆ ತಾವು ಕುಳಿತು ಓದುತ್ತಿರುವುದನ್ನು ಕಲ್ಪಿಸಿಕೊಳ್ಳಲು ಹೇಳಿದರು. ಹೆಚ್ಚು ಓದಿ ಹೆಚ್ಚು ಅಂಕ ಪಡೆದವರು ಎರಡನೆಯವರು. ಫಲಕ್ಕಿಂತ ದಾರಿಯನ್ನು ಕಲ್ಪಿಸಿಕೊಳ್ಳುವುದು ಒಳ್ಳೆಯದು ಎಂದಾಯಿತು.

ಒತ್ತಡದಲ್ಲಿ ಎಡವಿದರೆ ಮನಸ್ಸು ದುರ್ಬಲವೇ?

ಅಭ್ಯಾಸದಲ್ಲಿ ಚೆನ್ನಾಗಿ ಆಡಿ ಪಂದ್ಯದಲ್ಲಿ ಎಡವುವ ಮಕ್ಕಳಿಗೆ ‘ನಿನಗೆ ಧೈರ್ಯ ಇಲ್ಲ’ ಎಂದುಬಿಡುತ್ತೇವೆ. ಆದರೆ ಚೆನ್ನಾಗಿ ಕಲಿತ ಚಲನೆ ತಾನಾಗಿಯೇ ನಡೆಯುತ್ತದೆ. ಒತ್ತಡ ಬಂದಾಗ ‘ಮೊಣಕೈ ಸರಿ ಇದೆಯಾ, ಹಿಡಿತ ಸರಿ ಇದೆಯಾ’ ಎಂದು ಒಂದೊಂದನ್ನೂ ಗಮನಿಸತೊಡಗಿದರೆ ಆ ಸರಾಗ ಕೆಡುತ್ತದೆ. ನುರಿತ ಗಾಲ್ಫ್ ಆಟಗಾರರಿಗೆ ತಮ್ಮ ಹೊಡೆತವನ್ನೇ ಗಮನಿಸಲು ಹೇಳಿದಾಗ ಅವರ ಆಟ ಕೆಟ್ಟದ್ದನ್ನು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಇದು ಯಾರಿಗೆ ಬೇಕಾದರೂ ಆಗಬಹುದು. ಪಂದ್ಯದ ನಡುವೆ ಗ್ಯಾಲರಿಯಿಂದ ‘ಕೈ ನೋಡ್ಕೋ, ಕಾಲು ನೋಡ್ಕೋ’ ಎಂದು ಕೂಗುವ ಅಪ್ಪ–ಅಮ್ಮಂದಿರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಹಾಗಾದರೆ ಏನು ಮಾಡಬಹುದು?

* ಹೊಸದಾಗಿ ಆಟ ಕಲಿಯುವವರು ಮೊದಲು ಚೆಂಡು, ಬ್ಯಾಟು ಹಿಡಿಯಲಿ. ಕಲ್ಪನೆ ಆಮೇಲೆ.
* ಆಟ ಸ್ವಲ್ಪ ಕೈಗೆ ಹತ್ತಿದ ಮೇಲೆ ದಿನಕ್ಕೆ ಹತ್ತಿಪ್ಪತ್ತು ನಿಮಿಷ, ಅಭ್ಯಾಸದ ಜೊತೆಗೆ ಕಲ್ಪಿಸಿಕೊಳ್ಳಲಿ. ಗಾಯವಾಗಿ ವಿಶ್ರಾಂತಿಯಲ್ಲಿದ್ದಾಗ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ.
* ಕಪ್ ಎತ್ತುವುದನ್ನಲ್ಲ, ಓಟ, ಹಿಡಿತ, ಎಸೆತವನ್ನು ಕಲ್ಪಿಸಿಕೊಳ್ಳಲಿ. ತಪ್ಪಾದರೆ ಸುಧಾರಿಸಿಕೊಳ್ಳುವುದೂ ಅದರಲ್ಲಿರಲಿ.
* ಪಂದ್ಯದ ಒತ್ತಡವನ್ನು ಅಭ್ಯಾಸದಲ್ಲೇ ತನ್ನಿ. ನೋಡುವ ಜನ, ಲೆಕ್ಕ ಇಡುವ ಸ್ಕೋರು, ಒಂದೇ ಒಂದು ಅವಕಾಶ, ಇಷ್ಟಿದ್ದರೂ ಸಾಕು.
* ಕಲ್ಪನೆಯಿಂದಲೇ ಚಾಂಪಿಯನ್ ಮಾಡುತ್ತೇವೆ ಎನ್ನುವವರಿಗೆ ಹಣ ಕೊಡುವ ಬದಲು ಅದೇ ಹಣದಲ್ಲಿ ಒಳ್ಳೆಯ ಕೋಚ್ ಹುಡುಕಿ.

ಒಟ್ಟಿನಲ್ಲಿ ಈ ಫಾರ್ವರ್ಡ್ ಅರ್ಧ ಸತ್ಯ. ಆಟ ಬಲ್ಲವರಿಗೆ ಕಲ್ಪನೆ ನೆರವಾಗುತ್ತದೆ, ಆದರೆ ಅಭ್ಯಾಸಕ್ಕೆ ಅದು ಬದಲಿಯಲ್ಲ. ಮುಂದಿನ ಸಲ ಈ ಸಂದೇಶ ನಿಮ್ಮ ಗ್ರೂಪ್‌ಗೆ ಬಂದರೆ, ಅದರ ಕೆಳಗೆ ಈ ಉಳಿದರ್ಧವನ್ನೂ ಸೇರಿಸಿ ಕಳಿಸಿ.