ಜೌಗಿನ ಜಮಾಖರ್ಚು

ಸುಬ್ರಹ್ಮಣ್ಯಪುರದ ಕೆರೆಯಂಥ ಊರೊಳಗಿನ ಕೆರೆಗೆ ಬರುವ ಕೊಳೆನೀರನ್ನು ಮೊದಲು ಜೊಂಡು ಬೆಳೆಸಿದ ಜೌಗಿನಲ್ಲಿ ಹಾಯಿಸಿ ತಿಳಿಗೊಳಿಸಬಹುದು. ಜಕ್ಕೂರು ಕೆರೆಯಲ್ಲಿ ಹಾಗೆ ಮಾಡಿದ್ದಾರೆ. ಜೌಗಿನ ನೀರಿನ ಲೆಕ್ಕ ಅಂಗಡಿಯ ಖಾತೆಯಂತೆಯೇ: ಒಳಹರಿವು, ಮಳೆ ಜಮೆ, ಹೊರಹರಿವು, ಆವಿ, ನೆಲಕ್ಕಿಂಗಿದ್ದು ಖರ್ಚು. ಇಂಗಿದ್ದನ್ನು ನೇರವಾಗಿ ಅಳೆಯುವುದು ಕಷ್ಟವಾದ್ದರಿಂದ, ಮಿಕ್ಕವನ್ನೆಲ್ಲ ಕಳೆದುಳಿದ ಶೇಷವನ್ನೇ ಇಂಗಿತೆಂದು ಬರೆಯುವುದುಂಟು. ತೊಡಕು ಇಲ್ಲಿಯೇ. ಒಂದು ಹೆಕ್ಟೇರಿನಿಂದ ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ ಹೋಗುವುದು 50,000 ಲೀಟರ್. ಒಳಹರಿವು 1 ಕೋಟಿ ಲೀಟರಿದ್ದು ಅದರ ಅಳತೆ ನೂರಕ್ಕೆ 5ರಷ್ಟು ತಪ್ಪಿದರೆ, ತಪ್ಪೇ 5 ಲಕ್ಷ! ಅದೆಲ್ಲ ಶೇಷದ ತಲೆಗೆ. ಸುತ್ತಲ ಬಾವಿಗಳಿಗೆ ಕೊಳೆ ಇಳಿಯುತ್ತಿದೆಯೇ ಎಂಬುದನ್ನು ಈ ಶೇಷದಿಂದಲೇ ಊಹಿಸುತ್ತೇವಲ್ಲವೆ? ಆದುದರಿಂದ ಆವಿಯ ಸೂತ್ರಗಳಿಗಿಂತ ಮೊದಲು ಒಳಗಾಲುವೆಯ ಬಾಯಲ್ಲಿ ಅಳತೆಗಟ್ಟೆ ಬೇಕೆಂದು ನನ್ನ ಮತ. ಚರಂಡಿ ನೀರು ಬೆಳಗ್ಗೆ ಉಕ್ಕಿ ನಡುರಾತ್ರಿ ಸೊರಗುತ್ತದೆ. ದಿನಕ್ಕೊಮ್ಮೆ ನೋಡಿ ಬರೆದರೆ ಸಾಲದು, ಗಂಟೆಗಂಟೆಗೂ ಬರೆಯಬೇಕು.