ಟ್ಯಾಂಕ್ ಅಲ್ಲ, ತಾನೇ ಓಡಾಡೋ ಫಿರಂಗಿ: ಗುಂಡು ಹಾರಿಸಿದ ಕೂಡಲೇ ಕೆ9 ವಜ್ರ ಜಾಗ ಖಾಲಿ ಮಾಡೋದು ಯಾಕೆ?

ಗಣರಾಜ್ಯೋತ್ಸವದ ಪರೇಡ್‌ನಲ್ಲಿ ಕೆ9 ವಜ್ರ ಸಾಗಿಹೋದಾಗ ಟಿವಿ ಮುಂದೆ ಕೂತವರಲ್ಲಿ ಹೆಚ್ಚಿನವರು ‘ಟ್ಯಾಂಕ್ ಬಂತು ನೋಡು’ ಅಂತಾರೆ. ಹಾಗನ್ನಿಸೋದು ಸಹಜ. ಕೆಳಗೆ ಉಕ್ಕಿನ ಚೈನ್, ಮೇಲೆ ತಿರುಗೋ ಗೋಪುರ, ಮುಂದೆ ಉದ್ದನೆಯ ನಳಿಕೆ. ಆದರೆ ಕೆಲಸವೇ ಬೇರೆ. ಟ್ಯಾಂಕ್ ಕಣ್ಣೆದುರಿನ ಶತ್ರುವಿಗೆ ನೇರವಾಗಿ ಹೊಡೆಯುತ್ತೆ. ವಜ್ರದ ಗುರಿ ಸಾಮಾನ್ಯವಾಗಿ ಅದರೊಳಗಿನ ಸೈನಿಕರ ಕಣ್ಣಿಗೆ ಕಾಣೋದೇ ಇಲ್ಲ, ಗುಡ್ಡದ ಆಚೆ ಎಲ್ಲೋ 30 ಕಿ.ಮೀ. ದೂರದಲ್ಲಿರುತ್ತೆ. ನಳಿಕೆ ಮೇಲಕ್ಕೆತ್ತಿ, ಗುಂಡನ್ನು ಆಕಾಶದಲ್ಲಿ ಕಮಾನಿನಂತೆ ಹಾರಿಸಿ ಗುರಿ ಮೇಲೆ ಬೀಳಿಸೋ ಫಿರಂಗಿಗೆ ಹೌವಿಟ್ಜರ್ ಅಂತಾರೆ. ಅದಕ್ಕೆ ಸ್ವಂತ ಎಂಜಿನ್ ಇದ್ದರೆ ಸೆಲ್ಫ್ ಪ್ರೊಪೆಲ್ಡ್ ಹೌವಿಟ್ಜರ್.

ಲಾರಿಗೆ ಕಟ್ಟಿ ಎಳೆಯೋ ಫಿರಂಗಿಗಳು ನಮ್ಮಲ್ಲಿ ಇದ್ದೇ ಇವೆ. ಕಾರ್ಗಿಲ್‌ನಲ್ಲಿ ಹೆಸರು ಮಾಡಿದ ಬೋಫೋರ್ಸ್ ಕೂಡ ಆ ಜಾತಿಯದ್ದೇ. ಹಾಗಿದ್ದ ಮೇಲೆ 47 ಟನ್ ತೂಕದ ಈ ದುಬಾರಿ ಗಾಡಿ ಯಾಕೆ?

ಉತ್ತರ ಇರೋದು ರಾಡಾರ್‌ನಲ್ಲಿ. ಫಿರಂಗಿಯನ್ನು ಎಲ್ಲಿ ಬೇಕಾದರೂ ಬಚ್ಚಿಡಬಹುದು, ಆದರೆ ಆಕಾಶಕ್ಕೆ ಹಾರಿದ ಗುಂಡನ್ನು ಬಚ್ಚಿಡೋಕಾಗಲ್ಲ. ಶತ್ರುವಿನ ರಾಡಾರ್ ಆ ಗುಂಡಿನ ದಾರಿಯ ಒಂದು ತುಣುಕು ಹಿಡಿದರೂ ಸಾಕು, ಅದು ಎಲ್ಲಿಂದ ಹೊರಟಿತು ಅಂತ ಹಿಮ್ಮುಖವಾಗಿ ಲೆಕ್ಕ ಹಾಕಿ ಸೆಕೆಂಡುಗಳಲ್ಲಿ ಹೇಳುತ್ತೆ. ಮುಂದಿನ ಕೆಲವೇ ನಿಮಿಷಗಳಲ್ಲಿ ಅದೇ ಜಾಗದ ಮೇಲೆ ಗುಂಡಿನ ಮಳೆ. ಭಾರತದ ಇಂಥ ರಾಡಾರ್ ‘ಸ್ವಾತಿ’ ನಮ್ಮ ಬೆಂಗಳೂರಿನದ್ದೇ. ಡಿಆರ್‌ಡಿಒದ ಎಲ್‌ಆರ್‌ಡಿಇ ವಿನ್ಯಾಸ ಮಾಡಿತು, ಬಿಇಎಲ್ ತಯಾರಿಸುತ್ತಿದೆ. 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ ನಮ್ಮ ಸೇನೆಯ ಬಳಿ ಇಂಥ ರಾಡಾರ್ ಇರಲಿಲ್ಲ. ಆ ಕೊರತೆಗೆ ಸೈನಿಕರು ಜೀವ ತೆತ್ತಿದ್ದಾರೆ.

ಈಗ ಲೆಕ್ಕ ನೋಡಿ. 30 ಕಿ.ಮೀ. ದೂರ ಹೋಗೋ ಗುಂಡು ನೆಲ ಮುಟ್ಟೋಕೆ ಒಂದು ನಿಮಿಷಕ್ಕೂ ಹೆಚ್ಚು ಬೇಕು. ವಜ್ರ 15 ಸೆಕೆಂಡಿನಲ್ಲಿ ಮೂರು ಗುಂಡು ಹಾರಿಸಬಲ್ಲದು. ಅಂದರೆ ಮೊದಲ ಗುಂಡು ಇನ್ನೂ ಆಕಾಶದಲ್ಲಿರುವಾಗಲೇ ಗಾಡಿ ಗೇರ್ ಹಾಕಿ ಹೊರಟಿರುತ್ತೆ. ‘ಹೊಡಿ, ಓಡು’ ಅನ್ನೋ ತಂತ್ರ ಅಂದರೆ ಇದೇ. ಎಳೆಯೋ ಫಿರಂಗಿಗೆ ಇದು ಕಷ್ಟ. ಕಾಲು ಬಿಚ್ಚಿ ನೆಲಕ್ಕೆ ಊರಬೇಕು, ಹೊಡೆದಾದ ಮೇಲೆ ಮಡಚಬೇಕು, ಮತ್ತೆ ಲಾರಿಗೆ ಕಟ್ಟಬೇಕು. ಅಷ್ಟೂ ಹೊತ್ತು ಸೈನಿಕರು ಬಯಲಲ್ಲೇ ನಿಂತಿರ್ತಾರೆ.

ವಜ್ರದಲ್ಲಿ ಐದೂ ಜನ ಉಕ್ಕಿನ ಗೋಡೆಯ ಒಳಗಿರ್ತಾರೆ. ಗುಂಡಿನ ವ್ಯಾಸ 155 ಮಿ.ಮೀ., ತೂಕ ಹತ್ತಿರ ಹತ್ತಿರ 45 ಕೆಜಿ, ಒಂದು ಸಿಮೆಂಟ್ ಮೂಟೆಗಿಂತ ಸ್ವಲ್ಪ ಕಮ್ಮಿ. ಅದನ್ನು ಯಂತ್ರವೇ ಎತ್ತಿ ನಳಿಕೆಗೆ ತುಂಬುತ್ತೆ, ಹಿಂದಿನ ಮದ್ದನ್ನು ಮಾತ್ರ ಕೈಯಲ್ಲಿ ಇಡಬೇಕು. ಹೊಡೆತದ ಒದೆತವನ್ನು ಗಾಡಿಯ ಸಸ್ಪೆನ್ಷನ್ನೇ ತಾಳಿಕೊಳ್ಳೋದರಿಂದ ನೆಲಕ್ಕೆ ಗೂಟ ಊರುವ ಗೊಡವೆ ಇಲ್ಲ. ನಿಂತಲ್ಲೇ ಇದ್ದರೆ 30 ಸೆಕೆಂಡಿನಲ್ಲಿ, ಓಡುತ್ತಿದ್ದರೆ ನಿಲ್ಲಿಸಿದ ಒಂದು ನಿಮಿಷದಲ್ಲಿ ಮೊದಲ ಗುಂಡು ಹೊರಡುತ್ತೆ. ಇನ್ನೊಂದು ಚಮತ್ಕಾರವೂ ಇದೆ: ಮೊದಲ ಗುಂಡನ್ನು ಎತ್ತರಕ್ಕೆ, ಮುಂದಿನದನ್ನು ಸ್ವಲ್ಪ ತಗ್ಗಿಗೆ, ಮೂರನೆಯದನ್ನು ಇನ್ನೂ ತಗ್ಗಿಗೆ ಹಾರಿಸಿದರೆ ಮೂರೂ ಒಂದೇ ಕಡೆ ಒಟ್ಟಿಗೇ ಬೀಳ್ತವೆ. ಕೆಳಗಿದ್ದವರಿಗೆ ಓಡೋಕೆ ಸಮಯ ಸಿಗಲ್ಲ.

ಕಾಗದದ ಮೇಲೆ ಎಲ್ಲ ಸರಿ. ಯುದ್ಧದಲ್ಲಿ? ವಜ್ರದ ಮೂಲ ದಕ್ಷಿಣ ಕೊರಿಯಾದ ಕೆ9. ಅದಕ್ಕೆ ನಿಜವಾದ ಪರೀಕ್ಷೆ ಬಂದಿದ್ದು 2010ರ ನವೆಂಬರ್ 23ರಂದು. ಉತ್ತರ ಕೊರಿಯಾ ಇದ್ದಕ್ಕಿದ್ದಂತೆ ಯಾನ್‌ಪ್ಯಾಂಗ್ ದ್ವೀಪದ ಮೇಲೆ ಗುಂಡು ಸುರಿಸಿತು. ದ್ವೀಪದಲ್ಲಿ ಆರು ಕೆ9 ಇದ್ದವು. ಒಂದರ ನಳಿಕೆಯಲ್ಲಿ ಗುಂಡು ಸಿಕ್ಕಿಹಾಕಿಕೊಂಡಿತ್ತು, ಇನ್ನೆರಡು ದಾಳಿಯಲ್ಲೇ ಹಾನಿಗೊಂಡವು. ಉಳಿದ ಮೂರರಿಂದ ಪ್ರತಿದಾಳಿ ಶುರುವಾಗೋಕೆ 13 ನಿಮಿಷ ಹಿಡಿಯಿತು. ಅದಕ್ಕಿಂತ ದೊಡ್ಡ ಎಡವಟ್ಟು ಅಂದರೆ, ಗುಂಡು ಎಲ್ಲಿಂದ ಬರ್ತಿದೆ ಅಂತ ಹೇಳಬೇಕಿದ್ದ ರಾಡಾರ್ ಆರಂಭದಲ್ಲಿ ಕೈಕೊಟ್ಟಿತು. ಹಾಗಾಗಿ ಮೊದಲ ಸುತ್ತಿನ ಗುಂಡುಗಳು ದಾಳಿ ಮಾಡಿದ ಜಾಗಕ್ಕೆ ಹೋಗಲೇ ಇಲ್ಲ. ಆ ದಿನ ಇಬ್ಬರು ಸೈನಿಕರು, ಇಬ್ಬರು ನಾಗರಿಕರು ಸತ್ತರು. ಆಮೇಲೆ ಕೊರಿಯಾ ರಾಡಾರ್ ವ್ಯವಸ್ಥೆಯನ್ನೂ ಬಿಗಿ ಮಾಡಿತು. ರಾಡಾರ್ ಇಲ್ಲದ ಫಿರಂಗಿ ಕುರುಡ ಇದ್ದಂಗೆ.

ಭಾರತ 2017ರಲ್ಲಿ ಸುಮಾರು ₹4,500 ಕೋಟಿಗೆ 100 ವಜ್ರಗಳ ಒಪ್ಪಂದ ಮಾಡಿಕೊಂಡಿತು. ಎಲ್ ಅಂಡ್ ಟಿ ಕಂಪನಿ ಗುಜರಾತ್‌ನ ಹಜೀರಾದಲ್ಲಿ ತಯಾರಿಸಿ, ನೂರನೆಯದನ್ನು 2021ರ ಫೆಬ್ರವರಿಯಲ್ಲಿ ಒಪ್ಪಿಸಿತು. ಖರೀದಿಸಿದ್ದು ಮರುಭೂಮಿಗೆ ಅಂತ. ಆದರೆ ಚೀನಾ ಜತೆ ಜಟಾಪಟಿ ಶುರುವಾದ ಮೇಲೆ ಕೆಲವನ್ನು ಲಡಾಖ್‌ಗೆ ಹತ್ತಿಸಲಾಯಿತು. ಅಲ್ಲಿ ಪ್ರಯೋಗ ಸಫಲವಾಯಿತು. 2024ರ ಡಿಸೆಂಬರ್‌ನಲ್ಲಿ ₹7,628 ಕೋಟಿಯ ಎರಡನೇ ಒಪ್ಪಂದಕ್ಕೆ ಸಹಿ ಬಿತ್ತು.

ಹಾಗಂತ ವಜ್ರ ಎಲ್ಲದಕ್ಕೂ ಮದ್ದಲ್ಲ. 47 ಟನ್ ಹೊರೋ ಸೇತುವೆ ಗಡಿಯ ಎಲ್ಲ ಕಡೆ ಇರಲ್ಲ. ಬೆಟ್ಟದ ತುದಿಗೆ ಹೆಲಿಕಾಪ್ಟರ್‌ನಲ್ಲಿ ನೇತುಹಾಕಿ ಒಯ್ಯಬಹುದಾದ, ಸುಮಾರು ನಾಲ್ಕೂಕಾಲು ಟನ್ ತೂಕದ ಎಂ777 ಫಿರಂಗಿಯನ್ನೇ ನೆಚ್ಚಿಕೊಳ್ಳಬೇಕು. ವಜ್ರದ ಒಳಗೆ ಹಿಡಿಯೋದು 48 ಗುಂಡು. ನಿಮಿಷಕ್ಕೆ ಆರರಂತೆ ಹೊಡೆದರೆ ಎಂಟೇ ನಿಮಿಷಕ್ಕೆ ಖಾಲಿ. ಹಿಂದೆ ಗುಂಡಿನ ಗಾಡಿ ಬರಲೇಬೇಕು.

ಉಕ್ರೇನ್ ಯುದ್ಧ ಇನ್ನೊಂದು ತಲೆನೋವು ತೋರಿಸಿಕೊಟ್ಟಿದೆ. ರಾಡಾರ್ ಗುಂಡು ಹೊರಟ ಜಾಗವನ್ನಷ್ಟೇ ಹೇಳುತ್ತೆ, ಡ್ರೋನ್ ಹಾಗಲ್ಲ. ಓಡಿಹೋಗೋ ಗಾಡಿಯ ಬೆನ್ನು ಹತ್ತಿ, ಅದು ಅಡಗೋ ಜಾಗದವರೆಗೂ ಬರುತ್ತೆ. ಹೀಗಾಗಿ ಅಲ್ಲಿನ ಸೈನಿಕರು ಲಕ್ಷಾಂತರ ಡಾಲರ್ ಬೆಲೆಯ ಫಿರಂಗಿಗಳನ್ನು ಮರಗಳ ಕೆಳಗೆ ನಿಲ್ಲಿಸಿ, ಮೇಲೆ ಬಲೆ ಹೊದಿಸಿ, ಗೋಪುರದ ಸುತ್ತ ಕಬ್ಬಿಣದ ಜಾಲರಿ ಬೆಸುಗೆ ಹಾಕಿಕೊಳ್ಳುತ್ತಿದ್ದಾರೆ.