ಉಕ್ಕಿನ ತಂತಿ ಮತ್ತು ಪಿಯಾನೊ ವಾದಕರ ಬೆರಳು

ಚನ್ನಪಟ್ಟಣವೆಂದೊಡನೆ ನೆನಪಾಗುವುದು ಅರಗಿನ ಬಣ್ಣದ ಬೊಂಬೆಗಳು. ಇದೇ ಊರು ಒಂದು ಕಾಲದಲ್ಲಿ ಸಂಗೀತ ವಾದ್ಯಗಳ ಉಕ್ಕಿನ ತಂತಿಗೂ ಹೆಸರಾಗಿತ್ತು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನ ತಂತಿಗೆ ಭಾರತದ ದೂರದ ಪ್ರಾಂತಗಳಲ್ಲೂ ಬೇಡಿಕೆಯಿತ್ತೆಂದು ಬರೆದಿದ್ದಾನೆ. ಮಾಗಡಿ ಕಡೆಯ ಕಬ್ಬಿಣದ ಕುಲುಮೆಗಳನ್ನೂ ಆತ ಕಂಡಿದ್ದ.

ವೀಣೆಯಂತೆ ಪಿಯಾನೊ ಕೂಡ ಉಕ್ಕಿನ ತಂತಿಯ ವಾದ್ಯವೇ. ಅದರಲ್ಲಿ 88 ಮನೆಗಳು, ಇನ್ನೂರಕ್ಕೂ ಹೆಚ್ಚು ತಂತಿಗಳು. ಆದರೆ ವೈಣಿಕನ ಬೆರಳು ತಂತಿಯ ಮೇಲೆಯೇ ಇರುತ್ತದೆ. ಎಳೆದು, ಜಾರಿಸಿ ಗಮಕ ನುಡಿಸುತ್ತದೆ. ಪಿಯಾನೊ ವಾದಕ ತಂತಿಯನ್ನು ಮುಟ್ಟುವುದೇ ಇಲ್ಲ. ಆತ ಮನೆಯನ್ನು ಒತ್ತಿದಾಗ ಉಣ್ಣೆಯ ಹೊದಿಕೆಯುಳ್ಳ ಪುಟ್ಟ ಸುತ್ತಿಗೆ ಚಿಮ್ಮಿ ತಂತಿಗೆ ಬಡಿಯುತ್ತದೆ. ಚಿಮ್ಮಿದ ಸುತ್ತಿಗೆಯ ಮೇಲೆ ಅವನಿಗೆ ಹಿಡಿತವಿಲ್ಲ. ಪಿಯಾನೊ ಬರಿಯ ಯಂತ್ರ, ಅದರಲ್ಲಿ ಜೀವವಿಲ್ಲ ಎಂದು ನಮ್ಮ ಕೆಲವು ರಸಿಕರು ಮೂಗು ಮುರಿಯುವುದು ಇದಕ್ಕೇ.

ಹಾಗಾದರೆ ಒಬ್ಬೊಬ್ಬರ ನುಡಿಸಾಣಿಕೆ ಒಂದೊಂದು ಬಗೆಯಾಗಿ ಕೇಳಿಸುವುದೇಕೆ? ಉಳಿದಿರುವುದು ಸ್ವಲ್ಪವೇ: ಒತ್ತುವ ವೇಗ, ಬಿಡುವ ಗಳಿಗೆ, ಕಾಲಿನ ಪೆಡಲು, ಎಲ್ಲಕ್ಕಿಂತ ಮಿಗಿಲಾಗಿ ಕಾಲಪ್ರಮಾಣ. ಮಹಾವಾದಕರ ಶೈಲಿಯೆಲ್ಲ ಈ ಸ್ವಲ್ಪದಲ್ಲೇ ಅಡಗಿದೆ. ಹೊರೊವಿಟ್ಸ್ ಬೆರಳುಗಳನ್ನು ಬಹುತೇಕ ಚಪ್ಪಟೆಯಾಗಿ ಚಾಚಿ ನುಡಿಸುತ್ತಿದ್ದರು. ಪಿಸುಮಾತಿನಿಂದ ಗುಡುಗಿನವರೆಗೆ ಅವರ ವ್ಯಾಪ್ತಿ. ರುಬಿನ್‌ಸ್ಟೈನ್ ಶೋಪಾನ್ ನುಡಿಸಿದರೆ ಯಾರೋ ಹಾಡುತ್ತಿರುವಂತಿರುತ್ತದೆ.

ಕೆನಡಾದ ಗ್ಲೆನ್ ಗೌಲ್ಡ್ ಇವರಾರ ದಾರಿಯಲ್ಲೂ ನಡೆದವರಲ್ಲ. ತಂದೆ ತಗ್ಗಿಸಿಕೊಟ್ಟ ಗಿಡ್ಡ ಕುರ್ಚಿಯಲ್ಲಿ ಕುಳಿತು, ತಾವೂ ಗುನುಗುತ್ತ, ಪೆಡಲನ್ನು ಮಿತವಾಗಿ ಬಳಸಿ, ಸ್ವರಗಳನ್ನು ಮುತ್ತಿನಂತೆ ಬಿಡಿಬಿಡಿಯಾಗಿ ಉದುರಿಸುತ್ತಿದ್ದರು. ಬಾಖ್‌ನ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್' ಅನ್ನು ಅವರು 1955ರಲ್ಲಿ ಒಮ್ಮೆ, 1981ರಲ್ಲಿ ಮತ್ತೊಮ್ಮೆ ಸ್ಟುಡಿಯೊದಲ್ಲಿ ಧ್ವನಿಮುದ್ರಿಸಿದರು. ಮೊದಲ ಸಲ ಎರಡು ನಿಮಿಷದೊಳಗೆ ಮುಗಿದ ಆರಂಭದ 'ಆರಿಯಾ' ಎರಡನೆಯ ಸಲ ಮೂರು ನಿಮಿಷ ದಾಟಿತು. ಸ್ವರಗಳು ಅವೇ, ವಾದಕರೂ ಅವರೇ. ಸಂಗೀತ ಮಾತ್ರ ಬೇರೆ. ಮೊದಲನೆಯದು ಹೆಚ್ಚು ಜನಪ್ರಿಯವಾದರೂ ಎರಡನೆಯದೇ ಮೇಲೆಂದು ಈ ಲೇಖಕನ ಅಭಿಪ್ರಾಯ. ವಿಳಂಬ ಕಾಲದ ಸುಖ ಬಲ್ಲ ನಮ್ಮವರಿಗೆ ಅದು ಬೇಗ ಹಿಡಿಸೀತು.

ವೀಣೆ, ಪಿಯಾನೊ ಎರಡನ್ನೂ ಬಲ್ಲವರೊಬ್ಬರು ನಮ್ಮಲ್ಲೇ ಇದ್ದರು. ಚನ್ನಪಟ್ಟಣ, ಮಾಗಡಿಗಳನ್ನೂ ಒಳಗೊಂಡ ಮೈಸೂರು ಸಂಸ್ಥಾನದ ಕೊನೆಯ ದೊರೆ ಜಯಚಾಮರಾಜ ಒಡೆಯರ್ ಪಿಯಾನೊ ವಾದಕರಾಗುವ ಕನಸು ಕಂಡಿದ್ದವರು. 1940ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡು, ಇಪ್ಪತ್ತೊಂದರ ವಯಸ್ಸಿಗೇ ಪಟ್ಟ ಹೆಗಲೇರಿತು. ಮುಂದೆ ಅವರು ರಚಿಸಿದ್ದು ಕರ್ನಾಟಕ ಸಂಗೀತದ 94 ಕೃತಿಗಳನ್ನು. ಪಿಯಾನೊ ಪ್ರೀತಿ ಮಾತ್ರ ಬಿಡಲಿಲ್ಲ. ಲಂಡನ್ನಿನಲ್ಲಿ ಬಹುಮಟ್ಟಿಗೆ ಅಲಕ್ಷಿತರಾಗಿದ್ದ ರಷ್ಯದ ನಿಕೊಲಾಯ್ ಮೆಟ್ನರ್, ತಮ್ಮ ಮೂರೂ ಪಿಯಾನೊ ಕನ್ಚೆರ್ಟೊಗಳನ್ನು ಸ್ವತಃ ನುಡಿಸಿ ಧ್ವನಿಮುದ್ರಿಸಲು ಮಹಾರಾಜರೇ ಹಣ ಒದಗಿಸಿದರು. ಮೆಟ್ನರ್ 1951ರಲ್ಲಿ ನಿಧನರಾದರು. ಅವರ ಬೆರಳಿನ ಗತ್ತು ಹೇಗಿತ್ತೆಂಬುದನ್ನು ಇಂದಿಗೂ ಆ ಮುದ್ರಣಗಳಲ್ಲಿ ಕೇಳಬಹುದು. ಮೂರನೆಯ ಕನ್ಚೆರ್ಟೊವನ್ನು ಅವರು ಅರ್ಪಿಸಿರುವುದು ಮೈಸೂರಿನ ಮಹಾರಾಜರಿಗೆ.